ಹನ್ನೊಂದು ಜನರ ಎದುರುಪಕ್ಷ

ಬಸ್ಸಿನ ಸೀಟು ಹೊಲಿಯುವುದು ಒಬ್ಬನೇ ಕೂತು ಮಾಡುವ ಕೆಲಸ. ಬಣ್ಣ ಬಳಿಯುವವನಿಗೆ ಏಣಿ ಹಿಡಿಯಲು ಒಬ್ಬ ಬೇಕು, ಎಂಜಿನ್ ಇಳಿಸುವವನಿಗೆ ಸರಪಳಿ ಎಳೆಯಲು ನಾಲ್ಕು ಜನ ಬೇಕು, ವೆಲ್ಡರನ ಪಕ್ಕದಲ್ಲಂತೂ "ಆಹಾ, ಸರಿಯಾಗಿ ಕೂತ್ಕೊಳ್ತು" ಎನ್ನಲು ಯಾರಾದರೂ ನಿಂತಿರಲೇಬೇಕು, ಇಲ್ಲದಿದ್ದರೆ ಅವನ ಬೆಸುಗೆ ಹಿಡಿಯುವುದೇ ಇಲ್ಲ. ಸೀಟು ಹೊಲಿಯುವವನಿಗೆ ರೆಕ್ಸಿನ್, ದಾರ, ಬೆರಳುದ್ದದ ಸೂಜಿಯ ಒಂದು ಯಂತ್ರ ಇದ್ದರೆ ಸಾಕು. ನಮ್ಮ ಬಸ್ ದುರಸ್ತಿ ಶೆಡ್ಡಿನಲ್ಲಿ ಆ ಕೆಲಸ ಮಾಡುತ್ತಿದ್ದವನು ಹಿಂದಿನ ಮೂಲೆಯಲ್ಲಿ, ಬಿಚ್ಚಿ ಪೇರಿಸಿದ ಹಳೆಯ ಸೀಟುಗಳ ರಾಶಿಯ ಆಚೆ ಕೂರುತ್ತಿದ್ದ. ರಾಶಿ ಎಷ್ಟೆತ್ತರ ಎಂದರೆ ತುದಿಯ ಸೀಟಿನಲ್ಲಿ ಕೂತವನಿಗೆ ಮರುದಿನದ ಬೆಳಗು ಒಂದು ಗಂಟೆ ಮೊದಲೇ ಆಗುತ್ತಿತ್ತು. ಅವನ ಯಂತ್ರ ಶುರುವಾಯಿತೆಂದರೆ ಮೂರು ಬೀದಿ ಆಚೆ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತವರ ಹಲ್ಲು ತಾವಾಗಿಯೇ ಉದುರುತ್ತಿದ್ದವು. ಡಾಕ್ಟರು ಕೈಕಟ್ಟಿ ನಿಂತು ನೋಡುತ್ತಿದ್ದರಂತೆ.

ನಾನು ಆ ಶೆಡ್ಡಿನ ಸ್ಟೋರು ನೋಡಿಕೊಳ್ಳುತ್ತಿದ್ದೆ. ಬೋಲ್ಟು, ಬಲ್ಬು, ಬಣ್ಣದ ಡಬ್ಬಿ, ಏನೇ ಬೇಕಾದರೂ ನನ್ನ ಕಿಟಕಿಗೆ ಬಂದು ಕೇಳಬೇಕು. ಬಂದವರು ಸಾಮಾನು ತೆಗೆದುಕೊಂಡು ಮನೆಯ ಸುದ್ದಿ ಬಿಟ್ಟುಹೋಗುತ್ತಿದ್ದರು. ಸೀಟು ಹೊಲಿಯುವವನು ಮಾತ್ರ ಬಂದು "ದಾರ" ಎನ್ನುತ್ತಿದ್ದ, ದಾರ ತೆಗೆದುಕೊಳ್ಳುತ್ತಿದ್ದ, ಹೋಗುತ್ತಿದ್ದ. ಕೆಲಸಕ್ಕೆ ಸೇರಿದಾಗ ಅವನಿಗೆ ಮೂವತ್ತೊಂದು. ಮೊದಲ ನಾಲ್ಕು ತಿಂಗಳಲ್ಲಿ ಇಡೀ ಶೆಡ್ಡು ಅವನ ಜೊತೆ ಆಡಿದ ಮಾತು ಒಟ್ಟು ಎರಡು: "ಇದು ನಲವತ್ತೆರಡನೇ ಬಸ್ಸಿಂದು" ಮತ್ತು "ಬೇಗ ಆಗ್ಬೇಕು." ನಾವು ಕೆಟ್ಟವರಾಗಿರಲಿಲ್ಲ. ಅವನು ಅಲ್ಲಿದ್ದಾನೆ ಎನ್ನುವುದೇ ನಮಗೆ ಹೊಳೆಯುತ್ತಿರಲಿಲ್ಲ, ಅಷ್ಟೆ.

ಅವನ ಕೋಣೆಗೆ ನಾನು ಒಮ್ಮೆ ಹೋಗಿದ್ದೇನೆ. ಬೀಗ ರಿಪೇರಿ ಅಂಗಡಿಯ ಮೇಲಿನ ಮಹಡಿ. ಕಿಟಕಿ ತೆರೆದರೆ ಎರಡು ಗೇಣು ಆಚೆ ಪಕ್ಕದ ಕಟ್ಟಡದ ಗೋಡೆ, ಗೋಡೆಗೆ ಒಂದು ನೀರಿನ ಪೈಪು. ಪೈಪಿನಲ್ಲಿ ನೀರಿಳಿದರೆ ಮೇಲಿನ ಮನೆಯವರು ಎದ್ದರೆಂದು ಲೆಕ್ಕ. ಆ ಮೇಲಿನ ಮನೆಯವರ ಮುಖವನ್ನು ಅವನು ನೋಡಿರಲಿಲ್ಲ. ಕುರ್ಚಿಯ ಬದಲು ಗುಜರಿಗೆ ಹೋಗಬೇಕಿದ್ದ ಇಬ್ಬರು ಕೂರುವ ಬಸ್ಸಿನ ಸೀಟೊಂದನ್ನು ತಂದು ಹಾಕಿಕೊಂಡಿದ್ದ. ಕಿಟಕಿಯ ಕಡೆಯ ಅರ್ಧ ಸವೆದು ತಗ್ಗಾಗಿತ್ತು. ಇನ್ನೊಂದು ಅರ್ಧ ಹೊಲಿದ ದಿನ ಹೇಗಿತ್ತೋ ಹಾಗೇ ಉಬ್ಬಿಕೊಂಡು ಹೊಳೆಯುತ್ತಿತ್ತು. ನಾನು ಅದರ ಮೇಲೆ ಕೂತಾಗ ಹೊಸ ಚಪ್ಪಲಿಯ ಹಾಗೆ ಕಿರುಗುಟ್ಟಿತು.

ನಮ್ಮ ಊರಿನಲ್ಲಿ ಫುಟ್‌ಬಾಲಿಗೆ ಎರಡು ತಂಡ. ಸೇತುವೆಯ ಈಚೆ ನೀಲಿಯವರು, ಆಚೆ ಹಳದಿಯವರು. ಶೆಡ್ಡು ಇದ್ದದ್ದು ಈಚೆ. ನಾವು ಹನ್ನೊಂದು ಜನ, ಹನ್ನೊಂದೂ ನೀಲಿ. ನಮ್ಮ ಪೇಂಟರ್ ಎಷ್ಟು ನೀಲಿ ಎಂದರೆ, ಗಾಯವಾದಾಗ ಅವನ ರಕ್ತ ಕೆಂಪಗೆ ಬಂದದ್ದು ನೋಡಿ ಅವನೇ ಗಾಬರಿಯಾಗಿದ್ದ. ಅವನ ಗಂಟಲು ಅಂಥಿಂಥದ್ದಲ್ಲ, ಒಂದು ಸಲ ಅವನು ನನ್ನ ಕಿವಿಯಲ್ಲಿ ಗುಟ್ಟು ಹೇಳಿದ್ದಕ್ಕೆ ಬಸ್ ನಿಲ್ದಾಣದಲ್ಲಿ ನಿಂತಿದ್ದ ಹೆಂಗಸೊಬ್ಬಳು "ಹೌದಾ?" ಅಂದಳು. ಅವನ ಷಡ್ಡಕನೇ ವೆಲ್ಡರ್. ಅಕ್ಕ-ತಂಗಿಯರನ್ನು ಮದುವೆಯಾಗಿದ್ದ ಇಬ್ಬರೂ ಅತ್ತೆಯ ವಿಷಯ ಬಿಟ್ಟರೆ ಇನ್ನು ಯಾವುದರಲ್ಲೂ ಒಮ್ಮತಕ್ಕೆ ಬಂದವರಲ್ಲ. ಆದರೂ ಫುಟ್‌ಬಾಲಿನಲ್ಲಿ ಒಂದೇ ಕಡೆ. ಎಲ್ಲರೂ ಒಂದೇ ಕಡೆ ಇದ್ದರೆ ವಾದ ಏನು ಮಾಡುವುದು? ಟೀ ವಿರಾಮ ಹತ್ತು ನಿಮಿಷದ್ದು, ನಮ್ಮ ಮಾತು ಎರಡೇ ನಿಮಿಷಕ್ಕೆ ಮುಗಿಯುತ್ತಿತ್ತು.

ಸೀಟು ಹೊಲಿಯುವವನು ಸೇರಿದ ಐದನೇ ತಿಂಗಳ ಒಂದು ಸೋಮವಾರ, ಹಿಂದಿನ ದಿನವಷ್ಟೇ ಹಳದಿಯವರು ನಮ್ಮನ್ನು ಎರಡು ಗೋಲಿನಿಂದ ಬಡಿದಿದ್ದರು. ಬೆಳಿಗ್ಗೆ ಚಳಿ. ಸೀಟು ಹೊಲಿಯುವವನು ಅವನ ಅಕ್ಕ ಹೆಣೆದು ಕಳಿಸಿದ್ದ ಸ್ವೆಟರ್ ಹಾಕಿಕೊಂಡು ಒಳಗೆ ಬಂದ. ಅಕ್ಕನಿಗೆ ಅಂಗಡಿಯಲ್ಲಿ ಸಿಕ್ಕ ಉಣ್ಣೆ ಅದೊಂದೇ ಬಣ್ಣದ್ದು: ಕಣ್ಣು ಕುಕ್ಕುವ ಹಳದಿ.

ಪೇಂಟರ್ ಏಣಿಯ ಮೇಲಿಂದಲೇ ಕೂಗಿದ: "ನೋಡ್ರೋ ಇವನ ಧೈರ್ಯ! ಗಾಯ ಇನ್ನೂ ಹಸಿ ಇದೆ, ಉಪ್ಪಿನ ಚೀಲಾನೇ ಹೊತ್ಕೊಂಡು ಬಂದಿದ್ದಾನೆ! ನೀನು ಅವರ ಕಡೆಯೋನಾ?"

ಅವನಿಗೆ ಯಾರ ಕಡೆ ಎಂದರೆ ಏನೆಂದೇ ಗೊತ್ತಿರಲಿಲ್ಲ. ಚೆಂಡನ್ನು ಕಾಲಿನಲ್ಲಿ ಒದೆಯುತ್ತಾರೆ ಎನ್ನುವುದು ಮಾತ್ರ ಗೊತ್ತಿತ್ತು. ಆದರೆ ಹನ್ನೊಂದು ಜನ ಕೈಯಲ್ಲಿದ್ದ ಕೆಲಸ ಬಿಟ್ಟು ಅವನನ್ನೇ ನೋಡುತ್ತಿದ್ದರು. ನಾಲ್ಕು ತಿಂಗಳಲ್ಲಿ ಯಾರೂ ಅವನನ್ನು ಹಾಗೆ ನೋಡಿರಲಿಲ್ಲ.

"ಹೂಂ. ಏನೀಗ?" ಅಂದ.

ಅಷ್ಟೇ. ಶೆಡ್ಡು ಹೊತ್ತಿಕೊಂಡಿತು. ಮಧ್ಯಾಹ್ನದವರೆಗೆ ಒಬ್ಬರಾದ ಮೇಲೊಬ್ಬರು ಸೀಟಿನ ರಾಶಿ ಬಳಸಿ ಹೋಗಿ ಅವನನ್ನು ಬೈದು ಬಂದರು. ನಾನೂ ಹೋಗಿ ಒಂದು ಪಾಲು ಬೈದೆ. ಸಂಜೆ ಅವನು ದಾರಿಯಲ್ಲಿ ಪತ್ರಿಕೆ ಕೊಂಡುಕೊಂಡು, ಕೋಣೆಯಲ್ಲಿ ಕೂತು ಆಟದ ಪುಟವನ್ನು ಪರೀಕ್ಷೆಗೆ ಓದುವ ಹಾಗೆ ಓದಿದನಂತೆ. ಇದನ್ನೆಲ್ಲ ಅವನೇ ನನಗೆ ಹೇಳಿದ್ದು, ಹತ್ತೊಂಬತ್ತು ವರ್ಷ ಆದ ಮೇಲೆ. ಅಷ್ಟು ಕಾಲ ಅವನು ಹುಟ್ಟಾ ಹಳದಿ ಎಂದೇ ನಾವೆಲ್ಲ ನಂಬಿದ್ದೆವು. ಅವನಿಗೆ 'ಎದುರುಪಕ್ಷ' ಎಂದು ಹೆಸರಿಟ್ಟೆವು.

ಟೀ ವಿರಾಮ ಹತ್ತರಿಂದ ಇಪ್ಪತ್ತೈದು ನಿಮಿಷಕ್ಕೆ ಬೆಳೆಯಿತು.

"ಏನಪ್ಪಾ ಎದುರುಪಕ್ಷ, ನಿಮ್ಮ ಗೋಲ್‌ಕೀಪರ್ ನಿನ್ನೆ ಮೈದಾನಕ್ಕೆ ಬಂದಿದ್ನೋ, ಇಲ್ಲ ಅವನ ಅಂಗಿ ಮಾತ್ರ ತಂದು ಕಂಬಕ್ಕೆ ಒಣ ಹಾಕಿದ್ರೋ?"

"ಬಂದಿದ್ದ. ನಿಮ್ಮವರು ಹೊಡೆದ ಚೆಂಡು ಅವನ ಹತ್ತಿರ ಬರೋ ಹೊತ್ತಿಗೆ ಕಾದು ಕಾದು ಬೇಜಾರಾಗಿ ಮನೆಗೆ ಹೋದ."

"ಏಯ್, ನಿನ್ನ ಬಾಯಿಗಿಷ್ಟು ಸೊಲ್ಯೂಷನ್ ಹಚ್ಚಿ ಅಂಟಿಸಬೇಕು ನೋಡು!"

ಇಂಥ ಉತ್ತರಗಳನ್ನು ಅವನು ಸೀಟಿನ ಅಳತೆ ಕತ್ತರಿಸುವ ಕಂದು ಕಾಗದದ ಮೇಲೆ ಭಾನುವಾರ ಬರೆದಿಟ್ಟುಕೊಂಡು, ಸೋಮವಾರ ಬಾಯಿಪಾಠ ಮಾಡಿಕೊಂಡು ಬರುತ್ತಿದ್ದ. ಎರಡು ತಿಂಗಳಿಗೊಮ್ಮೆ ಅಕ್ಕ ಫೋನ್ ಮಾಡುತ್ತಿದ್ದಳು. "ಇವತ್ತು ಎಲ್ಲರೂ ಸೇರಿ ನನ್ನನ್ನ ಸಿಕ್ಕಾಪಟ್ಟೆ ಬೈದ್ರು ಅಕ್ಕಾ" ಎಂದು ಇವನು ಸಂಭ್ರಮದಿಂದ ಹೇಳಿದರೆ ಆಕೆಗೆ ಜೀವ ಹಾರಿಹೋಗುತ್ತಿತ್ತು. ಒಂದು ಸಲ ಭಾವ ರೈಲು ಹತ್ತಿ ನಮ್ಮ ಮೇಲಧಿಕಾರಿಯ ಹತ್ತಿರ ನ್ಯಾಯ ಕೇಳಲು ಹೊರಟೇಬಿಟ್ಟಿದ್ದರಂತೆ. ನಿಲ್ದಾಣದಿಂದ ಅವರನ್ನು ವಾಪಸ್ ಕಳಿಸಲು ಎದುರುಪಕ್ಷಕ್ಕೆ ಸಾಕುಸಾಕಾಯಿತು.

ನಮ್ಮಲ್ಲೊಂದು ಪದ್ಧತಿಯೂ ಬೆಳೆಯಿತು. ನೀಲಿ-ಹಳದಿ ಪಂದ್ಯ ಮುಗಿದ ವಾರ, ಸೋತ ಕಡೆಯವರು ಟೀ ವಿರಾಮದಲ್ಲಿ ಒಂದು ಮುರುಕಲು ಸೀಟಿನ ಮೇಲೆ ಕೂರಬೇಕು, ಗೆದ್ದವರು ಬೆಂಚಿನ ಮೇಲೆ. ನೀಲಿಯವರು ಗೆದ್ದರೆ ಅವನೊಬ್ಬನೇ ಸೋತವರ ಸೀಟಿನಲ್ಲಿ ರಾಜನ ಹಾಗೆ ಕೂತು ಎಲ್ಲರ ಬೈಗುಳ ಕೇಳುತ್ತಿದ್ದ. ಹಳದಿಯವರು ಗೆದ್ದರೆ? ಇಬ್ಬರು ಕೂರುವ ಸೀಟಿನ ಮೇಲೆ ನಾವು ಹನ್ನೊಂದು ಜನ! ತೊಡೆ ಮೇಲೆ ತೊಡೆ, ಹೆಗಲ ಮೇಲೆ ಹೆಗಲು. ತಳದಲ್ಲಿ ಸಿಕ್ಕಿಕೊಂಡ ವೆಲ್ಡರ್ ಆ ವಾರ ಎಷ್ಟು ಚಪ್ಪಟೆಯಾದನೆಂದರೆ, ಶನಿವಾರ ಅವನ ಹೆಂಡತಿ ಅವನನ್ನು ಬಾಗಿಲ ಸಂದಿಯಿಂದಲೇ ಒಳಗೆ ಎಳೆದುಕೊಂಡಳು. ಹನ್ನೆರಡು ಅಡಿ ಬೆಂಚಿನ ಮೇಲೆ ಎದುರುಪಕ್ಷ ಒಬ್ಬನೇ ಕಾಲು ಚಾಚಿ ಟೀ ಹೀರುತ್ತಿದ್ದ.

ಆ ಭಾಗ್ಯ ಅವನಿಗೆ ಪದೇ ಪದೇ ಸಿಕ್ಕದ್ದು ಅಂಟುಗಾಲನಿಂದ. ಎದುರುಪಕ್ಷ ಶೆಡ್ಡಿಗೆ ಬಂದು ಏಳೆಂಟು ವರ್ಷವಾದ ಮೇಲೆ ಹಳದಿಯವರಿಗೆ ಸಿಕ್ಕ ಮುಂಚೂಣಿಯ ಆಟಗಾರ. ಚೆಂಡು ಅವನ ಕಾಲಿಗೆ ಅಂಟಿದರೆ ಬಿಡಿಸಿಕೊಳ್ಳುವವರು ಇರಲಿಲ್ಲ. ಒಂದು ಪಂದ್ಯ ಮುಗಿಸಿ ಮನೆಗೆ ಹೋಗಿ, ಊಟ ಮಾಡಿ, ಮಲಗುವ ಮುಂಚೆ ಬೂಟು ಬಿಚ್ಚುವಾಗ ನೋಡಿದರೆ ಚೆಂಡು ಇನ್ನೂ ಅಲ್ಲೇ ಇತ್ತಂತೆ. ಒಂಬತ್ತು ವರ್ಷ ಅವನು ನಮ್ಮ ಹೊಟ್ಟೆ ಉರಿಸಿದ. ನಾವು ಅವನನ್ನು ಬೈದಷ್ಟು ನಮ್ಮ ಹೆಂಡತಿಯರೂ ನಮ್ಮನ್ನು ಬೈದಿರಲಿಕ್ಕಿಲ್ಲ.

ಹತ್ತನೇ ವರ್ಷ, ನಮ್ಮ ಜೊತೆಗಿನ ಪಂದ್ಯದಲ್ಲೇ, ನಮ್ಮ ರಕ್ಷಣೆಯ ಸಾಲಿನ ದಡಿಯನೊಬ್ಬ ಅವನ ಕಾಲಿಗೆ ಅಡ್ಡ ಜಾರಿದ. ಶೆಡ್ಡಿನ ರೇಡಿಯೋದಲ್ಲಿ ಕೇಳುತ್ತಿದ್ದೆವು. ವರದಿಗಾರ ಮೊದಲು ಫೌಲ್ ಎಂದ. ಆಮೇಲೆ "ಏಳುತ್ತಿಲ್ಲ" ಎಂದ. ಮಂಡಿಯ ಒಳಗಿನ ಕಟ್ಟು ಹರಿದಿತ್ತು.

ಮೊದಲ ಶಸ್ತ್ರಚಿಕಿತ್ಸೆಯಾಯಿತು, ಎಂಟು ತಿಂಗಳಿಗೆ ವಾಪಸ್ ಬಂದ, ಮೂರನೇ ಪಂದ್ಯದಲ್ಲಿ ಮತ್ತೆ ಕುಸಿದ. ಎರಡನೆಯದಾಯಿತು. ಮತ್ತೆ ಬಂದ, ಯಾರೂ ಮುಟ್ಟದೇ ಇದ್ದಾಗ ತಿರುಗಲು ಹೋಗಿ ಬಿದ್ದ. ಮೂರನೆಯದಾಗಬೇಕು ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಟೀ ವಿರಾಮಕ್ಕೆ ಇಡೀ ಶೆಡ್ಡು ವೈದ್ಯಕೀಯ ಕಾಲೇಜಾಯಿತು.

"ಮಂಡಿ ಅಂದ್ರೆ ಏನು? ಎರಡು ತುಂಡು ಸೇರೋ ಜಾಗ" ಎಂದ ವೆಲ್ಡರ್. "ಒಳ್ಳೇ ರಾಡ್ ಹಾಕಿ ಸುತ್ತಲೂ ಒಂದು ಬೆಸುಗೆ ಕೊಟ್ರೆ ಅವನ ಮೊಮ್ಮಕ್ಕಳ ಕಾಲಕ್ಕೂ ಬಿಡಲ್ಲ."

"ಬೆಸುಗೆ ಹಾಕಿದ್ರೆ ಮಡಚೋದು ಹೇಗಯ್ಯಾ? ಮಡಚೋಕಾಗದೆ ಕಾಲು ನೀಡ್ಕೊಂಡು ಕಕ್ಕಸಿಗೆ ಹೋಗ್ತಾನಾ?" ಎಂದ ಫಿಟ್ಟರ್. ಅವನು ಶೆಡ್ಡಿಗೆಲ್ಲ ಹಿರಿಯ, ಎಲ್ಲರಿಗೂ ಮಾವ. "ಅದು ಬೇರಿಂಗ್ ಕೇಸು. ಗ್ರೀಸು ಒಣಗಿದೆ. ಯಾರೂ ಬಿಚ್ಚಿ ನೋಡ್ತಾ ಇಲ್ಲ."

"ಎರಡು ಸಲ ಬಿಚ್ಚಿದಾರಲ್ಲ ಮಾವ!"

"ಬಿಚ್ಚಿದಾರೆ, ನೋಡಿಲ್ಲ."

ಪೇಂಟರ್ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. "ನಿಮಗ್ಯಾರಿಗೂ ಗೊತ್ತಿಲ್ಲ. ಮೊದಲನೇ ಕೋಟು ಒಣಗೋಕೆ ಬಿಡದೆ ಎರಡನೇದು ಬಳಿದಿದ್ದಾರೆ. ಎದ್ದು ಬರದೆ ಇನ್ನೇನು? ಹೂಂ, ಎದುರುಪಕ್ಷ, ನೀನು ಹೇಳಪ್ಪಾ. ನಿಮ್ಮೋನು ಯಾವಾಗ ಬರ್ತಾನೆ?"

ಅವನು ಯಾವಾಗಲೂ ಹೇಳುತ್ತಿದ್ದ ಉತ್ತರ ನಮಗೆ ಗೊತ್ತಿತ್ತು: ಮುಂದಿನ ತಿಂಗಳು, ಒಂದೇ ಕಾಲಲ್ಲಿ ಬಂದರೂ ನಿಮ್ಮ ಹನ್ನೊಂದು ಜನಕ್ಕೆ ಸಾಕು. ನಾವು ನಗಲು ಬಾಯಿ ತೆರೆದು ಕಾದೆವು.

"ಬರಲ್ಲ" ಅಂದ. ಕೈಯಲ್ಲಿದ್ದ ಲೋಟ ನೋಡುತ್ತ ಹೇಳಿದ: "ಅದು ಹೊಲಿಗೆ. ಒಂದೇ ಜಾಗದಲ್ಲಿ ಮೂರು ಸಲ ಬಿಚ್ಚಿ ಹೊಲಿದ್ರೆ ಹರಿಯೋದು ದಾರ ಅಲ್ಲ, ಬಟ್ಟೆ. ಸೂಜಿ ತೂತುಗಳೇ ಸೇರಿ ಸೀಳಾಗತ್ತೆ. ಆಮೇಲೆ ದಾರ ಎಷ್ಟು ಗಟ್ಟಿ ಇದ್ರೇನು, ಹಿಡಿಯೋಕೆ ಏನೂ ಇರಲ್ಲ."

ವಿರಾಮ ಮುಗಿಯುವ ಮೊದಲೇ ಎಲ್ಲರೂ ಎದ್ದು ಲೋಟ ತೊಳೆದರು. ಪೇಂಟರ್ ಕೂಡ. ಸ್ವಲ್ಪ ಹೊತ್ತಾದ ಮೇಲೆ ನಾನು ರೆಕ್ಸಿನ್ ಅಳತೆ ಕೇಳಲು ಅವನ ಮೂಲೆಗೆ ಹೋದೆ. ಯಂತ್ರದ ಮುಂದೆ ಪತ್ರಿಕೆ ಬಿಚ್ಚಿಕೊಂಡು ಕೂತಿದ್ದ, ಅಂಟುಗಾಲ ಊರುಗೋಲು ಹಿಡಿದು ನಿಂತ ಚಿತ್ರ. ಅವನ ಎರಡು ಕಣ್ಣಲ್ಲೂ ನೀರು.

ನಾನು ಬೆಕ್ಕಿನ ಹೆಜ್ಜೆಯಲ್ಲಿ ಹಿಂದೆ ಬಂದೆ. ನನ್ನದು ಮೆದು ಹೃದಯ. ಸಿನಿಮಾದಲ್ಲಿ ಖಳನಾಯಕನಿಗೆ ಜ್ವರ ಬಂದರೂ ನಾನು ಕರವಸ್ತ್ರ ಹುಡುಕುತ್ತೇನೆ. ಒಬ್ಬೊಬ್ಬರನ್ನೇ ಕಿಟಕಿಗೆ ಕರೆದು ಹೇಳಿದೆ: "ನೋಡ್ರಪ್ಪಾ, ಅವನು ಒಳಗೇ ಬೇಯ್ತಾ ಇದ್ದಾನೆ. ಹಿಂದೆ ಮುಂದೆ ಯಾರೂ ಇಲ್ಲದೋನು, ಆ ಆಟಗಾರನ್ನೇ ಮನೆಮಗ ಅಂದ್ಕೊಂಡಿದ್ದಾನೆ. ಒಂದಷ್ಟು ದಿನ ಅವನ ತಂಟೆಗೆ ಹೋಗ್ಬೇಡಿ."

ನನ್ನ ಇಡೀ ಸೇವಾವಧಿಯಲ್ಲಿ ನಾನು ಹೇಳಿದ್ದನ್ನು ಎಲ್ಲರೂ ಕೇಳಿದ್ದು ಅದೊಂದೇ ಸಲ.

ಮುಂದಿನ ತಿಂಗಳು ನೀಲಿ-ಹಳದಿ ಪಂದ್ಯ. ಅಂಟುಗಾಲ ಇಲ್ಲದ ಹಳದಿಯವರನ್ನು ನಾವು ಐದು ಸೊನ್ನೆಯಿಂದ ಒಗೆದು ಹಿಂಡಿ ಹಾಕಿದೆವು. ಸೋಮವಾರ ಎದುರುಪಕ್ಷ ಎಂದಿಗಿಂತ ಮೊದಲೇ ಬಂದಿದ್ದ. ಕ್ಷೌರ ಮಾಡಿಸಿಕೊಂಡಿದ್ದ. ಟೀ ಗಂಟೆ ಹೊಡೆದ ಕೂಡಲೇ ನೇರವಾಗಿ ಹೋಗಿ ಸೋತವರ ಸೀಟಿನಲ್ಲಿ ಕೂತು, ಕೈ ಕಟ್ಟಿಕೊಂಡು ತಯಾರಾದ.

"ಅಲ್ಯಾಕೆ ಕೂತೆ? ಬಾ ಬಾ, ಬೆಂಚಿಗೆ ಬಾ" ಎಂದ ಪೇಂಟರ್, ಮೆತ್ತಗೆ. ಅವನ ಗಂಟಲಿನಿಂದ ಅಂಥ ಸದ್ದು ಬರಬಹುದೆಂದು ನನಗೆ ಗೊತ್ತಿರಲಿಲ್ಲ.

"ನಾವು ಸೋತಿದ್ದೀವಲ್ಲ" ಎಂದ ಇವನು.

"ಸೋಲು ಗೆಲುವು ಇದ್ದಿದ್ದೇ. ಬಾ, ಟೀ ಆರತ್ತೆ."

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಮೊದಲನೇ ಲೋಟ ಅವನ ಕೈಗೆ ಹೋಯಿತು. ಫಿಟ್ಟರ್ ಮಾವ ಅವನ ಬೆನ್ನು ಸವರಿದ. ಬೆಂಚಿನ ಮಧ್ಯೆ ಜಾಗ ಬಿಟ್ಟರು. ಅವನು ಕೂತ, ಆಸ್ಪತ್ರೆಯ ಹೊರಗೆ ಸುದ್ದಿಗಾಗಿ ಕಾಯುವವನ ಹಾಗೆ.

"ಐದು ಗೋಲು" ಎಂದು ತಾನೇ ಶುರು ಮಾಡಿದ. "ರೆಫ್ರಿಗೆ ನೀವು ಏನು ತಿನ್ನಿಸಿದ್ರಿ?"

ಹಿಂದಿನ ಕಾಲವಾಗಿದ್ದರೆ ಈ ಮಾತಿಗೆ ಶೆಡ್ಡಿನ ತಗಡಿನ ಚಾವಣಿ ಹಾರಿ ಪಕ್ಕದ ಶಾಲೆಯ ಮೇಲೆ ಕೂರುತ್ತಿತ್ತು. ವೆಲ್ಡರ್ ನನ್ನ ಮುಖ ನೋಡಿದ. ನಾನು ಬೇಡ ಎಂದು ಕಣ್ಣಲ್ಲೇ ಹೇಳಿದೆ. "ಹೌದು ಬಿಡು, ಎರಡನೇ ಗೋಲು ಸ್ವಲ್ಪ ಅನುಮಾನವೇ" ಎಂದ ವೆಲ್ಡರ್. ಆಮೇಲೆ ತನ್ನ ಮನೆಯ ಸೋರುವ ನಲ್ಲಿಯ ವಿಷಯ ತೆಗೆದ. ಪೇಂಟರ್ ಮಗಳಿಗೆ ನೋಡುತ್ತಿದ್ದ ವರನ ವಿಷಯ ತೆಗೆದ. ಹುಡುಗನ ತಾಯಿ ಮಾತಿನಮಲ್ಲಿಯಂತೆ, ದೊಡ್ಡ ನಾದಿನಿ ಮನೆಯಲ್ಲೇ ಇದ್ದಾಳಂತೆ. ನಾವೆಲ್ಲ ನಮ್ಮ ನಮ್ಮ ನಾದಿನಿಯರನ್ನು, ಬೀಗರನ್ನು ತಂದು ಮಾತಿಗೆ ಸೇರಿಸಿದೆವು. ಎದುರುಪಕ್ಷದ ಬಳಿ ಸೇರಿಸಲು ಏನೂ ಇರಲಿಲ್ಲ. ಅವನು ನಮ್ಮ ಬಾಯಿಯಿಂದ ಬಾಯಿಗೆ ನೋಡುತ್ತ ಕೂತ. ಎಲ್ಲರೂ ನಕ್ಕಾಗ ಒಂದು ಉಸಿರು ತಡವಾಗಿ ನಕ್ಕ.

ಹೀಗೆ ಮೂರು ತಿಂಗಳು. ಮೊದಮೊದಲು ದಿನಕ್ಕೊಂದು ಕಿಡಿ ಹಾಕಿ ನೋಡಿದ. ನಮ್ಮ ನಾಯಕ ಓಡುವುದನ್ನು ಬಾಣಂತಿಯ ನಡಿಗೆಗೆ ಹೋಲಿಸಿದ. "ಪಾಪ, ನೋವಲ್ಲಿ ಆಡ್ತಾನೆ" ಎಂದು ನಾವು ಕ್ಷಮಿಸಿದೆವು. ನಮ್ಮ ತರಬೇತುದಾರನ ತಲೆಯ ಬಗ್ಗೆ ಏನೋ ಅಂದ, ಅದಕ್ಕೂ ತಲೆಯಾಡಿಸಿದೆವು. ಆಮೇಲಾಮೇಲೆ ಟೀ ಲೋಟ ತೆಗೆದುಕೊಂಡು ತನ್ನ ಮೂಲೆಗೇ ಹೋಗತೊಡಗಿದ. ಯಂತ್ರದ ಸದ್ದು ವಿರಾಮದಲ್ಲೂ ನಿಲ್ಲುತ್ತಿರಲಿಲ್ಲ. ದುಃಖ ಮರೆಯಲು ದುಡಿಯುತ್ತಿದ್ದಾನೆ ಎಂದು ನಾವು ಪಿಸುಗುಟ್ಟಿಕೊಂಡೆವು. ಅಂಟುಗಾಲ ಆಟ ಬಿಟ್ಟನೆಂಬ ಸುದ್ದಿ ಬಂದ ದಿನ ರೇಡಿಯೋ ಹಾಕಲೇಬಾರದೆಂದು ನಾನು ಅದರ ಬ್ಯಾಟರಿ ತೆಗೆದು ಜೇಬಿಗೆ ಹಾಕಿಕೊಂಡೆ.

ಅದೇ ವಾರ ಅವನು ಸ್ಟೋರಿನ ಕಿಟಕಿಗೆ ಬಂದ. "ದಾರ" ಅಂದ. ಕೊಟ್ಟೆ. ಹೋಗಲಿಲ್ಲ.

"ಅಣ್ಣಾ, ನಾನೇನಾದ್ರೂ ತಪ್ಪು ಮಾಡಿದ್ನಾ?"

"ಯಾಕಪ್ಪಾ?"

"ಯಾರೂ ನನ್ನ ಹತ್ತಿರ ಮಾತಾಡ್ತಾ ಇಲ್ಲ."

"ಅಯ್ಯೋ, ಎಲ್ಲರೂ ನಿನ್ನನ್ನ ಹೂವಿನ ಹಾಗೆ ನೋಡ್ಕೊಳ್ತಿದ್ದಾರಲ್ಲೋ!"

"ಅದನ್ನೇ ಹೇಳ್ತಿದ್ದೀನಿ" ಎಂದ.

ನಾನು ಒಳಗೆ ಕರೆದು ಡಬ್ಬಿಯ ಮೇಲೆ ಕೂರಿಸಿದೆ. ಸ್ವೆಟರಿನ ಕಥೆ, ಕಂದು ಕಾಗದದ ಕಥೆ, ಎಲ್ಲ ಆಗಲೇ ಹೊರಗೆ ಬಂದದ್ದು. ಹಳದಿಯವರು ಗೆದ್ದರೂ ಸೋತರೂ ಅವನಿಗೆ ಒಂದೇ ಆಗಿತ್ತಂತೆ. ಪಂದ್ಯ ಮುಗಿದ ಮಾರನೆಯ ದಿನ ಬೇಕಾಗಿತ್ತು, ಅಷ್ಟೆ.

"ಮತ್ತೆ ಅವತ್ತು ಅಂಟುಗಾಲನ ಚಿತ್ರ ನೋಡ್ಕೊಂಡು ಅಳ್ತಿದ್ದೆಯಲ್ಲ?" ಎಂದೆ. "ಅದನ್ನ ನೋಡಿಯೇ ನಾನು ಎಲ್ಲರಿಗೂ ನಿನ್ನ ತಂಟೆಗೆ ಹೋಗ್ಬೇಡಿ ಅಂತ ಹೇಳಿದ್ದು."

ಅವನು ಕೈಯಲ್ಲಿದ್ದ ದಾರ ಕೆಳಗಿಟ್ಟ. "ಅದು ಸೊಲ್ಯೂಷನ್ ಘಾಟಿಗೆ ಅಣ್ಣಾ. ರೆಕ್ಸಿನ್ ಅಂಟಿಸೋವಾಗ ದಿನಾ ಬರತ್ತೆ. ಹತ್ತೊಂಬತ್ತು ವರ್ಷದಿಂದ ಬರ್ತಾ ಇದೆ. ಅಂಟಿಸೋ ಹೊತ್ತಲ್ಲಿ ನೀವು ಆ ಕಡೆ ಬಂದಿದ್ದು ಅವತ್ತೇ ಮೊದಲು."

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ನನ್ನ ಗಾತ್ರ ನೋಡಿ ಅದೂ ಹಿಂಜರಿದಿರಬೇಕು. ಅವನು ಹೋದ ಕೂಡಲೇ ಎಲ್ಲರನ್ನೂ ಮತ್ತೆ ಕಿಟಕಿಗೆ ಕರೆದೆ. "ನನ್ನದು ತಪ್ಪಾಯ್ತು. ನಾಳೆಯಿಂದ ಮೊದಲಿನ ಹಾಗೇ ಬೈಯಿರಿ" ಎಂದೆ.

ಬೈಗುಳ ನಲ್ಲಿ ನೀರಲ್ಲ, ತಿರುಗಿಸಿದ ಕೂಡಲೇ ಬರಲು. ಮರುದಿನ ಪೇಂಟರ್ ಟೀ ಲೋಟ ಹಿಡಿದು ಎದ್ದು ನಿಂತ, ಗಂಟಲು ಸರಿಮಾಡಿಕೊಂಡ. "ಏನಪ್ಪಾ ಎದುರುಪಕ್ಷ... ನಿಮ್ಮವರು... ಮತ್ತೆ ಸೋತ್ರಲ್ಲ?" ಎಂದ. ಸಾವಿನ ಮನೆಯಲ್ಲಿ ಯಾವಾಗ ಹೋದರು ಎಂದು ಕೇಳಿದ ಹಾಗಿತ್ತು. "ಹೌದು ನೋಡು, ಸೋತ್ರು" ಎಂದ ಇವನೂ. ವೆಲ್ಡರ್ ಏನೋ ಸೇರಿಸಲು ಹೋಗಿ ಕೆಮ್ಮಿದ. ಹನ್ನೊಂದು ಜನ ಕಷ್ಟಪಟ್ಟು ಒಬ್ಬನನ್ನು ಬೈಯಲು ಹೊರಟು, ಒಬ್ಬೊಬ್ಬರಾಗಿ ತಲೆ ತಗ್ಗಿಸಿ ಟೀ ಊದಿದೆವು. ಬೇಕೆಂದೇ ಬೈಯುತ್ತಿದ್ದಾರೆ ಎನ್ನುವುದು ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತು ಎನ್ನುವುದು ನಮಗೂ ಗೊತ್ತಿತ್ತು. ಅದಾದ ಮೇಲೆ ಯಾರೂ ಆ ಪ್ರಯತ್ನ ಮಾಡಲಿಲ್ಲ.

ಆಗಲೇ ಸೇತುವೆ ಆಚೆಯ ಶೆಡ್ಡಿನಿಂದ ಕಾಗದ ಬಂತು. ಅವರ ಸೀಟು ಹೊಲಿಯುವವನಿಗೆ ಬೆನ್ನುನೋವು, ಎಂಟು ದಿನದ ಮಟ್ಟಿಗೆ ಯಾರನ್ನಾದರೂ ಕಳಿಸಿ ಎಂದು. ಇವನನ್ನು ಕಳಿಸಿದೆವು. ಎಂಟು ದಿನ ಮುಗಿಸಿ ಬಂದವನು ನೇರ ನನ್ನ ಕಿಟಕಿಗೆ ಬಂದು, ಅಲ್ಲಿಗೇ ಕಾಯಂ ವರ್ಗ ಬೇಕು, ಅರ್ಜಿ ಬರೆದುಕೊಡಿ ಎಂದ. ಶೆಡ್ಡಿನಲ್ಲಿ ಓದಲು ಬರುವ ಅಕ್ಷರ ನನ್ನದೊಂದೇ.

"ಕಾರಣ ಏನಂತ ಬರೀಲಿ?"

"ಮನೆಗೆ ಹತ್ತಿರ ಅಂತ."

ಅವನ ಕೋಣೆಯಿಂದ ನಮ್ಮ ಶೆಡ್ಡಿಗೆ ಹನ್ನೆರಡು ನಿಮಿಷದ ನಡಿಗೆ. ಆಚೆಯ ಶೆಡ್ಡಿಗೆ ಎರಡು ಬಸ್ಸು ಬದಲಿಸಬೇಕು. ಆದರೂ ಬರೆದೆ. ಯಾಕೆಂದು ನನಗೆ ಅರ್ಥವಾಗಿತ್ತು, ಅಥವಾ ಹಾಗೆಂದುಕೊಂಡೆ. ಆಚೆಯವರೆಲ್ಲ ಹಳದಿ. ಹತ್ತೊಂಬತ್ತು ವರ್ಷ ಬಾಯಲ್ಲಿ ಹೇಳುತ್ತ ಹೇಳುತ್ತ ಇವನೂ ನಿಜವಾಗಿ ಹಳದಿಯಾಗಿಬಿಟ್ಟಿರಬೇಕು; ಅಂಟುಗಾಲನನ್ನು ನೆನೆದು ಜೊತೆಗೆ ಕೂತು ನಿಟ್ಟುಸಿರುಬಿಡುವ ಜನ ಸಿಕ್ಕಿರಬೇಕು. "ಹೋಗ್ಲಿ ಬಿಡು, ಅವನ ಜನದ ಜೊತೆ ಸೇರ್ಕೊಂಡ" ಎಂದ ಪೇಂಟರ್. ಹೊರಡುವ ದಿನ ಅವನು ಎಲ್ಲರ ಕೈ ಕುಲುಕಿ, ತನ್ನ ಕತ್ತರಿ ಮಾತ್ರ ಕಾಗದದಲ್ಲಿ ಸುತ್ತಿಕೊಂಡು ಹೋದ. ಅವನ ಜಾಗಕ್ಕೆ ಬೇರೆಯವನನ್ನು ಕೊಡಲಿಲ್ಲ. ಸೀಟುಗಳನ್ನು ಹೊರಗೆ ಹೊಲಿಸತೊಡಗಿದರು. ಮೂಲೆ ಖಾಲಿಯಾಯಿತು.

ಎರಡು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಟೀ ಹೊತ್ತಿನಲ್ಲಿ, ನಮಗೆ ಬರಬೇಕಿದ್ದ ರೆಕ್ಸಿನ್ ಸುರುಳಿಯೊಂದು ತಪ್ಪಿ ಆಚೆಯ ಶೆಡ್ಡಿಗೆ ಹೋಗಿದೆ ಎಂದು ತಿಳಿದು ನಾನು ಅಲ್ಲಿಗೆ ಫೋನ್ ಮಾಡಿದೆ. ಎತ್ತಿದವನು ಗುರುತಿಲ್ಲದವನು. ಸೀಟು ಹೊಲಿಯುವವನನ್ನು ಕರೆಯಿರಿ ಎಂದೆ.

"ಯಾರು, ನೀಲಿನಾ?" ಎಂದ. ಫೋನು ಬಾಯಿಂದ ದೂರ ಹಿಡಿದು ಕೂಗಿದ: "ಏಯ್ ನೀಲಿ! ಬಾರೋ, ನಿಮ್ಮ ಕಡೆಯೋರ್ಯಾರೋ ಫೋನಲ್ಲಿ ಅಳ್ತಾ ಇದ್ದಾರೆ!"

ಹಿಂದೆ ನಗುವಿನ ಒಂದು ಲಾರಿ ಮಗುಚಿದ ಸದ್ದು. ನನಗೆ ಒಂದು ಗಳಿಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ತಿಳಿಯಿತು.

"ಹಲೋ, ಅಣ್ಣಾ?" ಅವನ ದನಿಯಲ್ಲಿ ಏದುಸಿರು, ಓಡಿ ಬಂದವನ ಹಾಗೆ.

"ನೀನು ಅಲ್ಲಿ ನೀಲಿಯವನು ಅಂತ ಹೇಳಿದ್ದೀಯಾ?"

"ಹೂಂ. ಮೊದಲನೇ ದಿನ ಯಾವ ಕಡೆ ಅಂತ ಕೇಳಿದ್ರು." ಹಿಂದಿನಿಂದ ಯಾರೋ, "ಅಂಟುಗಾಲನ್ನ ಮುರಿದ ಪಾಪಿಗಳು ನೀವು! ಕೇಳು ಅವರನ್ನ, ನಾಚಿಕೆ ಇದ್ಯಾ ಅಂತ!" ಎಂದು ಕಿರುಚಿದರು. ಇವನು ಅತ್ತ ತಿರುಗಿ ಗಂಟಲು ಎತ್ತಿದ. ಆ ಗಂಟಲನ್ನು ನಾನು ತಿಂಗಳುಗಳಿಂದ ಕೇಳಿರಲಿಲ್ಲ. "ಮುರೀಲಿಲ್ಲ ಕಣ್ರಯ್ಯಾ! ನಮ್ಮೋನು ಪಕ್ಕದಲ್ಲಿ ಹೋದ ಗಾಳಿಗೇ ನಿಮ್ಮೋನು ಬಿದ್ದ! ಇನ್ನು ಅವನು ಆಡೋದು ಮಕ್ಕಳ ಜೊತೆ ಕುಂಟಾಬಿಲ್ಲೆನೇ!"

ಗದ್ದಲ ಭುಗಿಲೆದ್ದಿತು. ಹತ್ತು ಬಾಯಿ ಒಟ್ಟಿಗೆ. ಯಾರೋ ತಗಡು ಬಡಿದರು.

"ಅಣ್ಣಾ, ಆಮೇಲೆ ಮಾತಾಡ್ತೀನಿ. ಇವರು ಬಿಡ್ತಾ ಇಲ್ಲ" ಎಂದು ಅವನು ಫೋನ್ ಇಟ್ಟ. ಅವಸರದಲ್ಲಿ ಸರಿಯಾಗಿ ಇಟ್ಟಿರಲಿಲ್ಲ. ಲೈನು ಕಟ್ಟಾಗಲಿಲ್ಲ.

ನಾನು ಕಿವಿಗೆ ಹಿಡಿದುಕೊಂಡೇ ನಿಂತೆ. ಆ ಕಡೆ ಜಗಳ ಚಾವಣಿ ಮುಟ್ಟುತ್ತಿತ್ತು. ಈ ಕಡೆ ಬೆಂಚಿನ ಮೇಲೆ ನಮ್ಮವರು ಹತ್ತು ಜನ ಸಾಲಾಗಿ ಕೂತು, ಭಾನುವಾರ ನೀಲಿಯವರು ಚೆನ್ನಾಗಿ ಆಡಿದರು ಎಂದು ಒಬ್ಬರು ಹೇಳಿ, ಹೌದು ಎಂದು ಉಳಿದವರು ಹೇಳಿ, ಸುಮ್ಮನಾಗಿದ್ದರು. ವಿರಾಮ ಇನ್ನೂ ಏಳು ನಿಮಿಷ ಬಾಕಿ ಇತ್ತು.

"ಏನಂತೆ?" ಎಂದು ಪೇಂಟರ್ ಕೇಳಿದ.

"ರೆಕ್ಸಿನ್ ಸಿಕ್ಕಿದೆಯಂತೆ" ಎಂದೆ. ಫೋನ್ ಇಡಲಿಲ್ಲ.